ಕುಳ್ಳಮ್ಮನ ಪಾಲು

ಅಥವಾ ಅದನ್ನು ದೋಷವೆಂದೇ ಒಪ್ಪಿಕೊಂಡುಬಿಡಬೇಕೋ ಏನೋ. ಒಪ್ಪಿಕೊಂಡರೆ ಏನಾಗುತ್ತದೆ? ಒಂದು ಚೌಕದಲ್ಲಿ ಟಿಕ್ ಬೀಳುತ್ತದೆ, ಅಷ್ಟೇ ತಾನೆ? ಆದರೆ ದೋಷ ಅಂದಮೇಲೆ ಸರಿಪಡಿಸಬೇಕು. ಸರಿಪಡಿಸುವುದು ಅಂದರೆ ಅದನ್ನು ಇಲ್ಲವಾಗಿಸುವುದು. ಅದು ಇಲ್ಲವಾದರೆ ಕುಳ್ಳಮ್ಮ... ಇಲ್ಲಿಗೆ ಬಂದು ಸುದರ್ಶನನ ಯೋಚನೆ ಎಂದಿನಂತೆ ಮುಗ್ಗರಿಸಿ ನಿಂತಿತು. ಸರ್ಕಾರಿ ಕಚೇರಿಯ ಬೆಂಚಿನ ಮೇಲೆ ಪಕ್ಕದಲ್ಲಿದ್ದವರು ಮೂರನೇ ಸಲ ಟೋಕನ್ ನಂಬರ್ ಕೇಳಿದರು. ಅವನು ಮೂರನೇ ಸಲ ತೋರಿಸಿದ.

ಕೈಯಲ್ಲಿದ್ದ ಹಾಳೆಯಲ್ಲಿ ಎರಡೇ ಸಾಲು. 'ಸಲ್ಲಿಸಿದ ವಿಡಿಯೊದಲ್ಲಿ ಏಳನೇ ನಿಮಿಷದಿಂದ ಎರಡು ನಿಮಿಷ ಹತ್ತು ಸೆಕೆಂಡು ಧ್ವನಿ ಇರುವುದಿಲ್ಲ. ದೋಷ ಸರಿಪಡಿಸಿ ಮರುಸಲ್ಲಿಸುವುದು.'

ಬಡಾವಣೆಗಳ ಸಾಂಸ್ಕೃತಿಕ ಹಬ್ಬಗಳಿಗೆ ಸರ್ಕಾರ ನೆರವು ಕೊಡುತ್ತದೆ ಎಂದು ಯಾರೋ ಹೇಳಿದ ದಿನದಿಂದ ಶುರುವಾದ ಓಡಾಟ ಇದು. ಅರ್ಜಿ ಮೊದಲ ಸಲ ವಾಪಸ್ ಬಂದಾಗ 'ಬೀದಿ ಎಂಬುದು ಕಾರ್ಯವ್ಯಾಪ್ತಿ ಅಲ್ಲ' ಎಂದಿತ್ತು. ಬೀದಿ ತೆಗೆದು ಬಡಾವಣೆ ಎಂದು ಬರೆದ. ಎರಡನೇ ಸಲ, ನಲವತ್ತೆರಡು ಕಲಾಪ್ರಕಾರಗಳ ಪಟ್ಟಿಯಲ್ಲಿ ರಾಗಿಕಲ್ಲಿನ ಪದ ಇಲ್ಲದ್ದರಿಂದ ಅವನು 'ಇತರೆ' ಎಂದು ಆರಿಸಿದ್ದಕ್ಕೆ, ಆ ಇತರೆಯು ಕಲೆಯೇ ಹೌದು ಎಂದು ಡಾಕ್ಟರೇಟ್ ಪಡೆದವರೊಬ್ಬರು ದೃಢೀಕರಿಸಬೇಕು ಎಂದು ಬಂತು. ಯಾವ ವಿಷಯದಲ್ಲಿ ಡಾಕ್ಟರೇಟ್ ಎಂದು ಹೇಳಿರಲಿಲ್ಲ. ಅವನು ಪಾಠ ಮಾಡುವ ಪಾಂಡವಪುರದ ಕಾಲೇಜಿನಲ್ಲಿ ಡಾಕ್ಟರೇಟ್ ಇದ್ದವರು ರಸಾಯನಶಾಸ್ತ್ರದವರು ಒಬ್ಬರೇ. ಅವರು ಲ್ಯಾಬಿನಲ್ಲಿ ನಿಂತಲ್ಲೇ ಸಹಿ ಹಾಕಿಕೊಟ್ಟರು. ಅದು ಸ್ವೀಕೃತವಾಯಿತು. ಅದು ಹೇಗೆ ಸ್ವೀಕೃತವಾಯಿತು ಎಂಬುದೇ ಅವನಿಗೆ ಹೆಚ್ಚು ಕಿರಿಕಿರಿಯ ವಿಷಯವಾಗಿತ್ತು.

ಮೂರನೆಯದು ಈ ಧ್ವನಿ.

ಕೌಂಟರಿನಲ್ಲಿದ್ದವಳು ದಿವ್ಯ. ಕುತ್ತಿಗೆಯ ಕಾರ್ಡು ಉಲ್ಟಾ ತಿರುಗಿತ್ತು, ಆದರೆ ಇಷ್ಟು ಸಲ ಬಂದವನಿಗೆ ಹೆಸರು ಓದಬೇಕಿರಲಿಲ್ಲ.

"ಬಂದ್ರಾ ಸರ್. ನೋಡಿ, ನಾನು ಪೂರ್ತಿ ನೋಡಿದೀನಿ. ಹಾಡು ಚೆನ್ನಾಗಿದೆ. ನಮ್ಮಜ್ಜಿನೂ ಹೇಳ್ತಿದ್ರು ಇಂಥವು. ಆದ್ರೆ ಏಳನೇ ನಿಮಿಷಕ್ಕೆ ಆಡಿಯೊ ಹೋಗ್ಬಿಟ್ಟಿದೆ."

"ಹೋಗಿಲ್ಲ. ಅದು ಮೌನ."

"ಅದೇ ಸರ್. ಆಡಿಯೊ ಇಲ್ಲ."

"ಮೌನ ಬೇರೆ, ಆಡಿಯೊ ಇಲ್ಲದಿರೋದು ಬೇರೆ ಮೇಡಂ."

"ಕಂಪ್ಯೂಟರಿಗೆ ಎರಡೂ ಒಂದೇ." ಅವಳು ಕುಹಕವಾಡುತ್ತಿರಲಿಲ್ಲ; ಪರದೆಯನ್ನು ಅವನ ಕಡೆಗೆ ತಿರುಗಿಸಿಯೇ ತೋರಿಸಿದಳು. "ವಿವರಣೆ ಬರೀಬಹುದಿತ್ತಲ್ಲ ನೀವು?"

"ಬರೆದಿದ್ದೆ. ಇನ್ನೂರು ಅಕ್ಷರ ಅಷ್ಟೇ ಹಿಡಿಯೋದು."

ಏಳು ಸಲ ಬರೆದಿದ್ದ. ಏಳನೆಯದನ್ನು ಯಂತ್ರ 'ತೀರಿಕೊಂಡ ಹಾಡುಗಾರ್ತಿಯ ಸರದಿ ಬಂದಾಗ ಉಳಿದವರು ಹಾಡುವುದನ್ನು ನಿಲ್ಲಿಸಿ' ಎಂಬಲ್ಲಿಗೆ ಕತ್ತರಿಸಿತ್ತು. 'ವಿವರಣೆ ಅಪೂರ್ಣ' ಎಂಬ ಉತ್ತರ ಅರ್ಧ ಗಂಟೆಯಲ್ಲಿ ಬಂದಿತ್ತು. ಈ ಕಚೇರಿಯಿಂದ ಬೇಗ ಬಂದ ಉತ್ತರ ಅದೊಂದೇ.

"ಸರ್, ನಂಗೆ ಅರ್ಥ ಆಗುತ್ತೆ. ಆದ್ರೆ ಮೌನಕ್ಕೆ ಕಾಲಂ ಇಲ್ಲ. ಹದಿನಾಲ್ಕನೇ ತಾರೀಕು ಸಮಿತಿ ಕೂರುತ್ತೆ. ಅಷ್ಟರೊಳಗೆ ಸರಿ ಮಾಡ್ಸಿ ಹಾಕಿದ್ರೆ ನಾನು ಮುಂದಕ್ಕೆ ಕಳಿಸ್ತೀನಿ. ಇಲ್ಲಾಂದ್ರೆ ಮುಂದಿನ ವರ್ಷ."

ಮುಂದಿನ ವರ್ಷ ಆಗುವುದಿಲ್ಲ ಎಂದು ಅವಳಿಗೆ ಹೇಳಬೇಕೆನಿಸಿತು. ಯಾಕೆ ಆಗುವುದಿಲ್ಲ ಎಂದು ಹೇಳಲು ಇನ್ನೂರಕ್ಕಿಂತ ಹೆಚ್ಚು ಅಕ್ಷರ ಬೇಕಿತ್ತು. ಹಿಂದೆ ಹನ್ನೆರಡು ಜನ ನಿಂತಿದ್ದರು.

"ಸರಿ ಮೇಡಂ," ಎಂದ.

*

ಪಾಂಡವಪುರದಲ್ಲಿ ಅದನ್ನು ಬಿಂಡಿಗನವಿಲೆ ಬೀದಿ ಎನ್ನುತ್ತಾರೆ. ಪುರಸಭೆಯ ಬೋರ್ಡಿನಲ್ಲಿ ಮೂರನೇ ಅಡ್ಡರಸ್ತೆ. ಐವತ್ತು ವರ್ಷದ ಹಿಂದೆ ಬಿಂಡಿಗನವಿಲೆ ಕಡೆಯ ಒಣ ಹೊಲಗಳಿಂದ ಬಂದ ಇಪ್ಪತ್ತೆರಡು ಮನೆಗಳು ಅಲ್ಲಿವೆ. ಮೊದಮೊದಲು ಕಾಲುವೆಯ ನೀರು ಕಂಡ ಇಲ್ಲಿನವರ ಗದ್ದೆಗಳಲ್ಲಿ ವಾರಕ್ಕೆ, ಅಂದರೆ ಬೆಳೆಯ ಪಾಲಿಗೆ, ದುಡಿದರು, ಆಮೇಲೆ ತಾವೂ ಗದ್ದೆ ಕೊಂಡರು, ಹಸು ಕಟ್ಟಿದರು, ಮಕ್ಕಳನ್ನು ಆಫೀಸುಗಳಿಗೆ ಸೇರಿಸಿದರು. ಎಷ್ಟು ಗದ್ದೆ ಕೊಂಡರೂ ಊರಿನವರಿಗೆ ಅವರು ಇನ್ನೂ 'ಆ ಕಡೆಯೋರು'. ನೆಲ್ಲಿನ ಊರಿನಲ್ಲಿ ಕೂತು ರಾಗಿ ಬೀಸುವ ಪದ ಹೇಳುತ್ತಾರೆ ಎಂಬುದು ಹಳೆಯ ತಮಾಷೆ.

ಆ ಪದಕ್ಕೆ ಹದಿನೈದು ಸೊಲ್ಲು. ಒಂದೊಂದು ಸೊಲ್ಲು ಏಳೆಂಟು ಸಾಲು. ಕಲ್ಲು ತಿರುಗುವ ಓಟಕ್ಕೆ ಎಳೆದೆಳೆದು ಹೇಳಿದರೆ ಎರಡು ನಿಮಿಷ. ಒಂದೊಂದು ಸೊಲ್ಲಿಗೂ ಒಬ್ಬಳು ಒಡತಿ, ಅತ್ತೆಯಿಂದ ಸೊಸೆಗೆ ಬಂದದ್ದು. ವರ್ಷಕ್ಕೊಮ್ಮೆ, ಹೊಸ ರಾಗಿ ಬಂದ ಮೇಲೆ, ಮಧ್ಯಾಹ್ನದ ಮೇಲೆ, ದೀಪ ಹಚ್ಚುವುದರೊಳಗೆ, ಹದಿನೈದು ಜನ ಕೂತು ಹೇಳುತ್ತಾರೆ. ಯಾರೊಬ್ಬಳ ಸೊಲ್ಲನ್ನೂ ಇನ್ನೊಬ್ಬಳು ಹೇಳುವ ಹಾಗಿಲ್ಲ. ಬದುಕಿರುವವಳು ಬರದಿದ್ದರೆ ಅವಳ ಸರದಿಗೆ ಪದ ನಿಂತುಹೋಗುತ್ತದೆ, ಅಲ್ಲಿಂದ ಮುಂದಕ್ಕಿಲ್ಲ. ತೀರಿಕೊಂಡವಳಾದರೆ ಆ ವರ್ಷ ಅವಳ ಸರದಿಯಲ್ಲಿ ಕಲ್ಲು ನಿಲ್ಲಿಸಿ, ಎಲ್ಲರೂ ಅದರ ಗೂಟದ ಮೇಲೆ ಕೈಯಿಟ್ಟು ಸುಮ್ಮನೆ ಕೂರುತ್ತಾರೆ. ಅವಳು ಹೇಳುತ್ತಿದ್ದಷ್ಟು ಹೊತ್ತು. ಅದಕ್ಕೆ ಪಾಲು ಬಿಡುವುದು ಎನ್ನುತ್ತಾರೆ. ಪದ ಕೊನೆಮುಟ್ಟಿದ ಮೇಲೆ ಆ ಸೊಲ್ಲು ಸೊಸೆಗೆ ದಾಟುತ್ತದೆ.

ಕುಳ್ಳಮ್ಮನದು ನಾಲ್ಕನೇ ಸೊಲ್ಲು. ಅವಳು ಹೋದ ವರ್ಷದ ಆಷಾಢದಲ್ಲಿ ತೀರಿಕೊಂಡಳು. ಅದಾದ ಮೇಲಿನ ಹಬ್ಬದಲ್ಲಿ ಅವಳ ಪಾಲು ಬಿಟ್ಟರು; ಸುದರ್ಶನ ಫೋನಿನಲ್ಲಿ ಹಿಡಿದದ್ದು ಅದನ್ನೇ. ಆದರೆ ಒಂಬತ್ತನೇ ಸೊಲ್ಲಿನವಳು ಮಗನ ಜೊತೆ ಸಂತೆಬಾಚಹಳ್ಳಿಗೆ ಹೋಗಿ ನೆಲೆಸಿದ್ದಳು, ಅವತ್ತು ಬಸ್ಸು ಸಿಗಲಿಲ್ಲ. ಪದ ಎಂಟಕ್ಕೇ ನಿಂತಿತು. ಅರ್ಧಕ್ಕೆ ನಿಂತ ಪದ ಲೆಕ್ಕಕ್ಕಿಲ್ಲ. ಕುಳ್ಳಮ್ಮನ ಪಾಲು ಹಾಗೇ ಬಾಕಿ ಉಳಿಯಿತು. ಅವಳ ಸೊಸೆ ಶ್ವೇತ, ಹಾಲಿನ ಡೇರಿಯಲ್ಲಿ ಜಿಡ್ಡಿನ ಅಂಶ ಅಳೆಯುವವಳು, ಸೊಲ್ಲು ಗೊತ್ತಿದ್ದೂ ಬಾಯಿ ಬಿಡುವ ಹಾಗಿಲ್ಲದೆ ಒಂದೂವರೆ ವರ್ಷದಿಂದ ಕಾಯುತ್ತಿದ್ದಳು. ಉಳಿದ ಹದಿನಾಲ್ಕು ಜನರಲ್ಲಿ ಏಳು ಜನ ಈಗ ಕೆ.ಆರ್. ಪೇಟೆ, ನಾಗಮಂಗಲ, ಶ್ರೀರಂಗಪಟ್ಟಣ ಎಂದು ಚದುರಿಹೋಗಿದ್ದಾರೆ. ವ್ಯಾನು ಕಳಿಸದೆ ಅವರು ಬರಲಾರರು. ಪದ ಹೇಳುತ್ತಿದ್ದ ಕಣ ಮಾರಾಟವಾಗಿ ಮನೆ ಎದ್ದಿದೆ, ಶಾಮಿಯಾನ ಬೇಕು. ಎಲ್ಲದಕ್ಕಿಂತ ಹೆಚ್ಚಾಗಿ, ಹದಿನೈದೂ ಸೊಲ್ಲು ಬಲ್ಲ, ಎಲ್ಲರಿಗೂ ಹಿರಿಯಳಾದ ಪುಟ್ಟತಾಯಮ್ಮನಿಗೆ ಎಂಬತ್ತಮೂರು. ಯಾರ ಪಾಲು ಎಷ್ಟು ಹೊತ್ತು ಎಂದು ಅಳೆಯುವವಳು ಅವಳೊಬ್ಬಳೇ.

ಚಂದಾ ಎತ್ತೋಣವೆಂದರೆ, ಹೋದ ವರ್ಷ ವ್ಯಾನು ಮಾಡದೆ ಹೋದದ್ದು ಯಾರ ತಪ್ಪು ಎಂಬ ಜಗಳದಲ್ಲಿ ನಾಲ್ಕು ಮನೆ ಮಾತು ಬಿಟ್ಟಿದ್ದವು.

"ಚಂದಾನೂ ಬ್ಯಾಡ, ಗಿಂದಾನೂ ಬ್ಯಾಡ," ಎಂದಿದ್ದ ಬೀದಿಯ ಸಂಘದ ಅಧ್ಯಕ್ಷ ಚಿಕ್ಕಸ್ವಾಮಿ. "ಊರೋರ ಹಬ್ಬಕ್ಕೆಲ್ಲ ಸರ್ಕಾರ ಕೊಡ್ತದೆ. ನಾವೇನು ಸರ್ಕಾರದ ಮಲತಾಯಿ ಮಕ್ಳಾ? ಮೇಷ್ಟ್ರೆ, ನೀವು ಬರೀರಿ, ನಾನು ಸಹಿ ಒಡೀತೀನಿ."

ಸುದರ್ಶನ ಆ ಬೀದಿಯವನಲ್ಲ. ಶ್ರೀರಂಗಪಟ್ಟಣದ ಕೋಟೆಯೊಳಗಿನ ದೇವಸ್ಥಾನದ ಮನೆತನದವನು, ಇತಿಹಾಸದಲ್ಲಿ ಎಂ.ಎ. ಮಾಡಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕ. ಐದು ವರ್ಷದಿಂದ ಕುಳ್ಳಮ್ಮನ ಮನೆಯ ಮಹಡಿ ಕೋಣೆಯಲ್ಲಿ ಬಾಡಿಗೆಗಿದ್ದ. ಬಂದ ಮೊದಲ ವಾರ ಕುಳ್ಳಮ್ಮ ಮೆಟ್ಟಿಲ ಕೆಳಗೆ ನಿಂತು, "ನಮ್ಮನೇದು ತಿಂತೀರಾ?" ಎಂದು ಕೇಳಿದ್ದಳು. ಅವನು ತಲೆಯಾಡಿಸಿದ್ದ. ಅವತ್ತಿನಿಂದ ಪ್ರತಿ ಸಂಜೆ ಮೂರನೇ ಮೆಟ್ಟಿಲ ಮೇಲೆ ಮುದ್ದೆ, ಸಾರು, ಮೇಲೊಂದು ತಟ್ಟೆ ಮುಚ್ಚಿ ಇಟ್ಟುಹೋಗುತ್ತಿದ್ದಳು. ತಟ್ಟೆ ಕಲ್ಲಿಗೆ ತಾಗುವ ಸದ್ದೇ ಕರೆ. ಒಟ್ಟಿನಲ್ಲಿ ಅವರು ಆಡಿದ ಮಾತು ಇಪ್ಪತ್ತು ವಾಕ್ಯ ಮೀರಲಿಕ್ಕಿಲ್ಲ. ಅಷ್ಟು ಕಡಿಮೆ ಮಾತಿನಲ್ಲಿ ಯಾರ ಜೊತೆಗೂ ಅವನು ಅಷ್ಟು ಹಗುರವಾಗಿ ಇದ್ದದ್ದಿಲ್ಲ.

ಅವಳ ಎರಡು ನಿಮಿಷ ಹತ್ತು ಸೆಕೆಂಡನ್ನು ಈಗ ಅವನು ಮಂಜುನಾಥನ ಸ್ಟುಡಿಯೊಗೆ ತೆಗೆದುಕೊಂಡು ಹೋಗಬೇಕಾಗಿತ್ತು.

*

ಮಂಜುನಾಥ ಮದುವೆ ವಿಡಿಯೊ ಮಾಡುವವನು. ಪರದೆಯ ಮೇಲೆ ಧ್ವನಿಯನ್ನು ಅಲೆಗಳಾಗಿ ಎಳೆದು ತೋರಿಸಿದ. ಮೂರನೇ ಸೊಲ್ಲಿನವರೆಗೆ ದಪ್ಪ ದಪ್ಪ ಅಲೆ. ಆಮೇಲೆ ಗೆರೆ. ಆಮೇಲೆ ಮತ್ತೆ ಅಲೆ. ಹತ್ತಿರದಿಂದ ನೋಡಿದರೆ ಗೆರೆಯೂ ಪೂರ್ತಿ ಗೆರೆಯಲ್ಲ, ಅಲ್ಲಲ್ಲಿ ಸಣ್ಣ ಮುಳ್ಳುಗಳಿದ್ದವು.

"ಇಲ್ಲೊಂದು ಕಾಗೆ ಕೂಗ್ಯದೆ ನೋಡಿ ಮೇಷ್ಟ್ರೆ. ಇಲ್ಯಾರೋ ಕೆಮ್ಮವ್ರೆ. ಇವ್ನಾರ ಉಳಿಸ್ಲಾ?"

"ಬೇಡ."

"ಒಂದು ಕೆಲ್ಸ ಮಾಡನ. ಇದ್ರ ಮ್ಯಾಲೆ ಕೊಳಲು ಹಾಕ್ಬುಡ್ತೀನಿ. ಮದ್ವೆಲಿ ತಾಳಿ ಕಟ್ಟೋಕೆ ಮುಂಚೆ ಹಾಕ್ತೀನಲ್ಲ, ಅದು. ಬೋ ಚೆನ್ನಾಗಿರ್ತದೆ."

"ಬೇಡ ಮಂಜುನಾಥ. ತೆಗೆದುಬಿಡಿ. ಮೂರು ಮುಗಿದ ತಕ್ಷಣ ಐದಕ್ಕೆ ಸೇರಿಸಿ."

"ಗುರುತೇ ಕಾಣಕ್ಕಿಲ್ಲ, ಅಂಗೆ ಸೇರಿಸ್ತೀನಿ ಬುಡಿ."

ಒಂದು ನಿಮಿಷವೂ ಹಿಡಿಯಲಿಲ್ಲ. ಕುಳ್ಳಮ್ಮನ ಪಾಲು ಹಿಡಿದದ್ದಕ್ಕಿಂತ ಕಡಿಮೆ ಹೊತ್ತಿನಲ್ಲಿ ಅದು ಹೋಯಿತು. ಮೂರನೆಯವಳ ಉಸಿರು ಎಲ್ಲಿ ಮುಗಿಯುತ್ತದೋ ಅಲ್ಲಿಂದಲೇ ಐದನೆಯವಳು ಎತ್ತಿಕೊಳ್ಳುತ್ತಿದ್ದಳು. ನಡುವೆ ಯಾರೂ ಇರಲೇ ಇಲ್ಲ ಎನ್ನುವಂತಿತ್ತು.

ಎರಡು ವಾರದಲ್ಲಿ ಮಂಜೂರಾತಿ ಬಂತು. ಅರ್ಧ ಹಣ ಮೊದಲು, ಇನ್ನರ್ಧ ವೀಕ್ಷಕರ ವರದಿಯ ನಂತರ. ಶಾಮಿಯಾನದವರಿಗೂ ವ್ಯಾನಿನವರಿಗೂ ಆ ಇನ್ನರ್ಧವನ್ನೇ ತೋರಿಸಿ ಚಿಕ್ಕಸ್ವಾಮಿ ಒಪ್ಪಿಸಿದ್ದ. ಷರತ್ತುಗಳ ಪಟ್ಟಿಯಲ್ಲಿ ಒಂಬತ್ತನೆಯದನ್ನು ಸುದರ್ಶನ ಎರಡು ಸಲ ಓದಿದ. 'ಪ್ರದರ್ಶನವು ಸಲ್ಲಿಸಿದ ವಿಡಿಯೊಗೆ ಹೊಂದಿಕೆಯಾಗಿರತಕ್ಕದ್ದು. ಒಂದು ನಿಮಿಷಕ್ಕಿಂತ ಹೆಚ್ಚಿನ ಸ್ಥಗಿತವನ್ನು ಅಡಚಣೆ ಎಂದು ದಾಖಲಿಸಿ ಎರಡನೇ ಕಂತನ್ನು ತಡೆಹಿಡಿಯಲಾಗುವುದು.'

ಚಿಕ್ಕಸ್ವಾಮಿಗೆ ಓದಿ ಹೇಳಿದ.

"ಅಷ್ಟೇ ತಾನೆ?" ಎಂದ ಚಿಕ್ಕಸ್ವಾಮಿ. "ಅಜ್ಜಿಗೆ ಏಳಿ, ಒಂದು ನಿಮ್ಸದೊಳ್ಗೆ ಕೈ ಎತ್ಬುಡು ಅಂತ. ಸತ್ತೋಳೇನು ಗಡಿಯಾರ ನೋಡ್ಕಂಡ್ ಕುಂತಿರ್ತಾಳಾ?"

"ನೀವೇ ಹೇಳಿ."

"ನಾನಾ? ಆವಮ್ಮ ನನ್ ಬೆನ್ ಮ್ಯಾಲೆ ಒಡೆದು ಬೆಳೆಸ್ದೋಳು ಕಣ್ ಮೇಷ್ಟ್ರೆ. ಈಗ್ಲೂ ಒಡೀತಾಳೆ. ನೀವು ಓದಿದೋರು, ನಿಮ್ಮಾತು ಕೇಳ್ತಾಳೆ, ನೀವೇಳಿ."

*

ಪುಟ್ಟತಾಯಮ್ಮ ಜಗಲಿಯ ಮೇಲೆ ಮೊರದಲ್ಲಿ ರಾಗಿ ಹಸನು ಮಾಡುತ್ತಿದ್ದಳು. ಸುದರ್ಶನ ಹೋಗಿ ಪಕ್ಕದಲ್ಲಿ ಕೂತ. ಹೇಳಬೇಕಾದ ವಾಕ್ಯವನ್ನು ಬೀದಿಯ ತುದಿಯಿಂದ ಹೊಂದಿಸಿಕೊಂಡು ಬಂದಿದ್ದ. ಕೂತ ತಕ್ಷಣ ಅದು ಅರ್ಜಿಯ ಭಾಷೆಯಂತೆ ಕಂಡಿತು.

"ಅಜ್ಜಿ, ಕುಳ್ಳಮ್ಮನ ಪಾಲು ಎಷ್ಟು ಹೊತ್ತು ಅಂತ ನಿಮಗೆ ಹ್ಯಾಗೆ ಗೊತ್ತಾಗುತ್ತೆ?"

"ಇದೇನ್ ಮಗಾ ಇಂಗ್ ಕೇಳೀಯೆ. ಅವ್ಳು ಏಳೋಷ್ಟು ಹೊತ್ತು."

"ಅಂದ್ರೆ ಒಳಗೊಳಗೇ ಹೇಳ್ಕೋತೀರಾ?"

"ನಾನ್ಯಾಕೆ ಏಳ್ಳಿ? ಅವ್ಳು ಏಳ್ತಾಳೆ. ನಾನು ಕೇಳ್ತೀನಿ." ಮೊರವನ್ನೊಮ್ಮೆ ಕೊಡವಿದಳು. "ಕುಳ್ಳಿ ಮೂರ್ನೇ ಸಾಲ್ನಾಗೆ ಉಸ್ರು ತಕ್ಕಳಾಳು. ಎಲ್ರಿಗಿಂತ ಜಾಸ್ತಿ ಹೊತ್ತು. ಬೈತಿದ್ದೆ ನಾನು, ಏನಮ್ಮಿ ಮಲಗ್ಬುಟ್ಯಾ ಅಂತ. ಈಗ್ಲೂ ಅಲ್ಲೇ ನಿಲ್ತಾಳೆ. ಬೈಯೋಕಾಗಕ್ಕಿಲ್ಲ."

ಸುದರ್ಶನ ಅಂಗಳದ ಕಡೆ ನೋಡಿದ. ಈಗ ಹೇಳಬಹುದಿತ್ತು.

"ಅದ್ಸರಿ," ಎಂದಳು ಅವಳು. "ನೀನು ಪೋನ್ನಾಗೆ ಇಡಿದ್ಯಲ್ಲ, ಸರ್ಕಾರಕ್ಕೆ ಕಳ್ಸೋಕೆ. ಅದ್ರಾಗೆ ಕುಳ್ಳಿ ಪಾಲು ಬಂದದಾ?"

ಅವನು ಹೌದೆಂದು ತಲೆಯಾಡಿಸಿದ.

"ಬರ್ಲಿ ಬುಡು. ಅವ್ರೂ ಕೇಳ್ಳಿ," ಎಂದು ಅವಳು ಮತ್ತೆ ಮೊರ ಎತ್ತಿಕೊಂಡಳು.

ಒಂದು ನಿಮಿಷದ ಮಾತು ಅಲ್ಲಿಗೆ ಮುಗಿಯಿತು. ವಾಪಸ್ ಬರುವಾಗ ಅವನಿಗೆ ಕಚೇರಿಯ ಮೇಲೆ, ಚಿಕ್ಕಸ್ವಾಮಿಯ ಮೇಲೆ, ಆ ರಸಾಯನಶಾಸ್ತ್ರದವರ ಮೇಲೂ ಸಿಟ್ಟು ಬಂತು. ತಲೆಯಾಡಿಸಿದ ತನ್ನ ತಲೆಯ ಮೇಲೆ ಬಂದಷ್ಟು ಬೇರೆ ಯಾವುದರ ಮೇಲೂ ಬರಲಿಲ್ಲ. ಹಬ್ಬಕ್ಕೆ ಇನ್ನೂ ಆರು ದಿನವಿತ್ತು. ನಾಳೆ ಹೇಳಿದರಾಯಿತು ಎಂದುಕೊಂಡ. ಆರು ದಿನವೂ ಹಾಗೇ ಅಂದುಕೊಂಡ.

*

ಹಬ್ಬದ ದಿನ ವ್ಯಾನು ಹನ್ನೆರಡಕ್ಕೇ ಬಂತು. ಸಂತೆಬಾಚಹಳ್ಳಿಯವಳು ಎಲ್ಲರಿಗಿಂತ ಮೊದಲು ಇಳಿದು, "ಈ ಸರ್ತಿ ನನ್ನಿಂದ ನಿಲ್ತು ಅನ್ಬ್ಯಾಡಿ ಕಣ್ರಮ್ಮಿ, ಬೆಳಿಗ್ಗೆ ಐದಕ್ಕೇ ಸೀರೆ ಉಟ್ಕಂಡ್ ಕುಂತಿದ್ದೆ," ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದಳು. ಹೆಂಗಸರು ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಮಾತು ಬಿಟ್ಟಿದ್ದ ಮನೆಗಳವರೂ ಕುರ್ಚಿ ಹೊತ್ತು ತಂದರು, ಮಾತಾಡದೆಯೇ.

ಮೈಕಿನವನು ಬಂದದ್ದು ಎರಡೂವರೆಗೆ. ಮೈಕು ಬೇಡವೆಂದು ಪುಟ್ಟತಾಯಮ್ಮ ಮೂರು ಸಲ ಹೇಳಿದ್ದಳು, ಆದರೆ ಷರತ್ತು ಐದರ ಪ್ರಕಾರ ಧ್ವನಿವರ್ಧಕ ಕಡ್ಡಾಯ. ಮೂರು ಕಡೆ ದರಪಟ್ಟಿ ತರಿಸಿ ಕಡಿಮೆ ಇದ್ದವರಿಗೆ ಕೊಡಬೇಕೆಂಬುದೂ ಅದರಲ್ಲೇ ಇತ್ತು. ಕಡಿಮೆ ಇದ್ದವನು ಕೆ.ಆರ್. ಪೇಟೆಯ ಮರಿಸ್ವಾಮಿ. ಬಂದವನೇ ಶಾಮಿಯಾನದ ಹಿಂದಿನ ಮನೆಯ ಪ್ಲಗ್ಗಿನಿಂದ ವೈರು ಎಳೆದು, ಕಲ್ಲಿನ ಸುತ್ತ ನಾಲ್ಕು ಮೈಕು ನೆಟ್ಟು, ಪ್ರತಿಯೊಂದರಲ್ಲೂ "ಹಲೋ, ಚೆಕ್ ಚೆಕ್," ಎಂದ.

ನಾಲ್ಕನೇ ಸೊಲ್ಲಿಗೆ ನಿಲ್ಲಿಸುತ್ತಾರೆ, ಗಾಬರಿಯಾಗಬೇಡಿ ಎಂದು ಇವನಿಗಾದರೂ ಹೇಳಬೇಕೆಂದು ಸುದರ್ಶನ ಎದ್ದ. ಅಷ್ಟರಲ್ಲಿ ಆಟೊದಿಂದ ದಿವ್ಯ ಇಳಿದಳು.

"ವೀಕ್ಷಕರು ರಜ ಸರ್. ನನ್ನೇ ಕಳಿಸಿದ್ರು." ಫೋನು ಎತ್ತಿ ತೋರಿಸಿದಳು. "ಇದರಲ್ಲೇ ಎಲ್ಲಾ. ಶುರುವಾದಾಗ ಒಂದು ಸಲ ಒತ್ತಬೇಕು, ನಿಂತರೆ ಒಂದು ಸಲ ಒತ್ತಬೇಕು. ಒಂದು ನಿಮಿಷ ದಾಟಿದರೆ ಅದೇ ಕಾರಣ ಕೇಳುತ್ತೆ."

"ಕಾರಣ ಏನು ಬೇಕಾದ್ರೂ ಬರೀಬಹುದಾ?"

"ಬರೆಯೋಕಾಗಲ್ಲ. ಆರಿಸಬೇಕು. ಮಳೆ, ಕಲಾವಿದರ ಗೈರು, ಗಲಾಟೆ, ಹೀಗೆ." ಫೋನು ಇಳಿಸಿ ಕೇಳಿದಳು. "ಆ ಏಳನೇ ನಿಮಿಷದ್ದು... ಇವತ್ತು ಇರೋಲ್ಲ ಅಲ್ವಾ ಸರ್?"

ಅವನು ಅವಳಿಗೆ ಕುರ್ಚಿ ತರಿಸಿದ. ಪದ ಆಗಲೇ ಶುರುವಾಯಿತು. ಮರಿಸ್ವಾಮಿಗೆ ಹೇಳುವುದು ಉಳಿದೇ ಹೋಯಿತು.

ಮೊದಲ ಸೊಲ್ಲು ಪುಟ್ಟತಾಯಮ್ಮನದು. ಗಂಟಲು ಒಡೆದಿತ್ತು, ಆದರೆ ಎತ್ತಿದ ಜಾಗ ಅಲುಗಾಡಲಿಲ್ಲ. ಎರಡನೆಯವಳು ಹಿಡಿದಳು, ಮೂರನೆಯವಳು ಹಿಡಿದಳು. ಕಲ್ಲಿನಂಚಿನಿಂದ ಹಿಟ್ಟು ಸುರಿಯುತ್ತಿತ್ತು. ಮೂರನೆಯವಳ ಕೊನೆಯ ಸಾಲು ಎಳೆದು ಎಳೆದು ಮುಗಿಯಿತು.

ಕಲ್ಲು ನಿಂತಿತು.

ಹೆಂಗಸರು ಗೂಟದ ಮೇಲೆ ಒಬ್ಬರ ಕೈ ಮೇಲೊಬ್ಬರು ಕೈಯಿಟ್ಟರು. ಪುಟ್ಟತಾಯಮ್ಮ ಕಣ್ಣು ಮುಚ್ಚಿದಳು. ಬೀದಿಯವರಿಗೆಲ್ಲ ಗೊತ್ತಿತ್ತು, ಯಾರೂ ಮಿಸುಕಲಿಲ್ಲ. ಸುದರ್ಶನ ಮನಸ್ಸಿನಲ್ಲೇ ಎಣಿಸತೊಡಗಿದ. ಹತ್ತು. ಇಪ್ಪತ್ತು. ದಿವ್ಯಳ ಹೆಬ್ಬೆರಳು ಫೋನಿನ ಮೇಲೆ ಒಮ್ಮೆ ಬಿತ್ತು. ಮೂವತ್ತೈದಕ್ಕೆ ಮರಿಸ್ವಾಮಿ ತನ್ನ ಪೆಟ್ಟಿಗೆಯ ಮುಂದಿನಿಂದ ಎದ್ದ. ಇಪ್ಪತ್ತು ವರ್ಷದಿಂದ ಮೈಕು ಹಿಡಿದವನಿಗೆ, ಮೈಕಿನ ಮುಂದೆ ಜನ ಕೂತಿದ್ದೂ ಸದ್ದು ಬರದಿದ್ದರೆ ಅದಕ್ಕೆ ಒಂದೇ ಅರ್ಥ. ಬಗ್ಗಿ ಬಂದು, ಪುಟ್ಟತಾಯಮ್ಮನ ಮುಂದಿದ್ದ ಮೈಕನ್ನು ಬೆರಳಿನಿಂದ ಟಕಟಕ ಬಡಿದ.

"ಹಲೋ. ಹಲೋ. ಮೈಕ್ ಟೆಸ್ಟಿಂಗ್. ಏಳಿ ಅವ್ವ, ಏಳಿ, ಮೈಕು ಸರ್ಯಾಗದೆ."

ಪುಟ್ಟತಾಯಮ್ಮ ಕಣ್ಣು ಬಿಟ್ಟಳು. ಅವನನ್ನು ನೋಡಿದ ನೋಟಕ್ಕೆ ಮರಿಸ್ವಾಮಿ ಎರಡು ಹೆಜ್ಜೆ ಹಿಂದೆ ಸರಿದ. ಆದರೆ ಏನು ತಪ್ಪಾಯಿತೆಂದು ಅವನಿಗೆ ತಿಳಿಯಲಿಲ್ಲ, ಪೆಟ್ಟಿಗೆಗೆ ಮರಳಿ ಇದ್ದಬದ್ದ ಗುಂಡಿಯನ್ನೆಲ್ಲ ತಿರುವತೊಡಗಿದ.

"ಕೆಡ್ತು," ಎಂದಳು ಅವಳು ಹೆಂಗಸರಿಗೆ. "ಮೊದ್ಲಿಂದ. ಪಾಪ, ಅವ್ಳು ಅರ್ಧಕ್ಕೆ ಬಂದಿದ್ಲು." ಮತ್ತೆ ಕಣ್ಣು ಮುಚ್ಚಿದಳು.

ಮೊದಲಿಂದ. ಇನ್ನು ಎರಡು ನಿಮಿಷದ ಮೇಲೆ. ದಿವ್ಯ ಫೋನನ್ನೂ ಅವನನ್ನೂ ನೋಡುತ್ತಿದ್ದಳು. ಚಿಕ್ಕಸ್ವಾಮಿ ಶಾಮಿಯಾನದ ಕಂಬ ಹಿಡಿದು, ತುಟಿಯಲ್ಲೇ "ಏಳಿ ಮೇಷ್ಟ್ರೆ, ಏಳಿ," ಎನ್ನುತ್ತಿದ್ದ; ಯಾರಿಗೆ ಏನು ಹೇಳಬೇಕೆಂದು ಅವನಿಗೂ ಗೊತ್ತಿರಲಿಲ್ಲ. ಶ್ವೇತ, ಹದಿನಾಲ್ಕು ಜನರ ಹಿಂದೆ ನೆಲದ ಮೇಲೆ ಕೂತವಳು, ಅತ್ತೆ ಕೂರುತ್ತಿದ್ದ ಖಾಲಿ ಮಣೆಯನ್ನೇ ನೋಡುತ್ತಿದ್ದಳು. ಅಷ್ಟರಲ್ಲಿ ಮರಿಸ್ವಾಮಿ ತಿರುವಿದ ಯಾವುದೋ ಗುಂಡಿಗೆ ಪೆಟ್ಟಿಗೆ ಕುಂಯ್ ಎಂದು ಕೀರಲು ಶುರುಮಾಡಿತು. ಸದ್ದು ಸಣ್ಣಗೆ ಏಳುತ್ತಿತ್ತು. ಮರಿಸ್ವಾಮಿ ಮತ್ತೆ ಮೈಕಿನ ಕಡೆ ಹೊರಟ.

ಎದ್ದು ನಿಂತು ಒಂದು ಮಾತು ಹೇಳಿದರೆ ಸಾಕಾಗಿತ್ತು. ಇದು ಒಬ್ಬಳ ಪಾಲು, ನಾನು ವಿಡಿಯೊದಿಂದ ತೆಗೆಸಿಬಿಟ್ಟಿದ್ದೆ, ನಿಲ್ಲಿ ಎಲ್ಲರೂ. ಆದರೆ ಹಾಗೆ ಹೇಳಿದರೂ ಅದು ಸದ್ದೇ.

ಸುದರ್ಶನ ಶಾಮಿಯಾನದ ಹಿಂದಕ್ಕೆ ಹೋಗಿ ಪ್ಲಗ್ಗನ್ನು ಕಿತ್ತ.

ಕೀರಲು ಸತ್ತಿತು. ಪೆಟ್ಟಿಗೆಯ ಕೆಂಪು ದೀಪ ಆರಿತು.

"ಥೂ, ಕರೆಂಟು!" ಎಂದು ಮರಿಸ್ವಾಮಿ ಪಿಸುಗುಟ್ಟಿ, ಕೈ ಚೆಲ್ಲಿ, ಕುರ್ಚಿಯಲ್ಲಿ ಕೂತುಬಿಟ್ಟ. ಕರೆಂಟು ಹೋದದ್ದು ಅವನ ತಪ್ಪಲ್ಲ. ಅವನ ಮುಖದಲ್ಲಿ ಅವತ್ತು ಮೊದಲ ಸಲ ನೆಮ್ಮದಿ ಕಂಡಿತು.

ದಿವ್ಯಳ ಫೋನು ಕಾರಣ ಕೇಳಿತ್ತು. ಅವಳು ತಲೆಯೆತ್ತಿ ಶಾಮಿಯಾನದ ಅಂಚಿನಿಂದ ಹೊರಗೆ ನೋಡಿದಳು. ಎದುರಿನ ಟೀ ಅಂಗಡಿಯಲ್ಲಿ ಫ್ಯಾನು ತಿರುಗುತ್ತಿತ್ತು. ಅದನ್ನು ಅವಳು ಸಾಕಷ್ಟು ಹೊತ್ತು ನೋಡಿದಳು. ಆಮೇಲೆ ಫೋನಿನಲ್ಲಿ ಏನನ್ನೋ ಒತ್ತಿ, ಅದನ್ನು ಮಡಿಲಲ್ಲಿ ಬೋರಲು ಹಾಕಿಕೊಂಡಳು.

ಪಾಲು ನಡೆಯಿತು. ದೂರದಲ್ಲಿ ಕಬ್ಬಿನ ಟ್ರಾಕ್ಟರೊಂದು ಹಾದುಹೋಯಿತು. ಯಾರದೋ ಮನೆಯ ಹಸು ಕೂಗಿತು. ಸುದರ್ಶನ ಪ್ಲಗ್ಗು ಕೈಯಲ್ಲಿ ಹಿಡಿದು ಗೋಡೆಗೆ ಒರಗಿ ನಿಂತ. ಎಣಿಸುವುದನ್ನು ಬಿಟ್ಟಿದ್ದ. ಮೂರನೇ ಸಾಲು ಎಲ್ಲಿ ಬರುತ್ತದೆಂದು ಅವನಿಗೆ ತಿಳಿಯದು. ಆದರೆ ಶಾಮಿಯಾನದ ಸಂದಿಯಲ್ಲಿ ನೋಡುತ್ತಿದ್ದಂತೆ ಒಂದು ಕಡೆ ಪುಟ್ಟತಾಯಮ್ಮನ ಹುಬ್ಬು ಸ್ವಲ್ಪ ಗಂಟಿಕ್ಕಿ ಸಡಿಲವಾಯಿತು. ಬಯ್ಯಲು ಹೊರಟು ಬಿಟ್ಟವಳ ಹಾಗೆ.

ಅವಳು ಕೈ ಎತ್ತಿದಳು. ಕಲ್ಲು ತಿರುಗಿತು. ಐದನೆಯವಳು ಮೈಕಿಲ್ಲದೆಯೇ ಎತ್ತಿಕೊಂಡಳು, ಅದು ಬೀದಿಯ ತುದಿಯವರೆಗೂ ಕೇಳಿಸಿತು. ಏಳನೇ ಸೊಲ್ಲಿನ ಹೊತ್ತಿಗೆ ಅವನು ಪ್ಲಗ್ಗನ್ನು ಮತ್ತೆ ಸಿಕ್ಕಿಸಿದ.

ಸಂತೆಬಾಚಹಳ್ಳಿಯವಳು ಒಂಬತ್ತನೆಯದನ್ನು ಕಣ್ಣೀರು ಸುರಿಸುತ್ತ ಹೇಳಿದಳು. ಹದಿನೈದೂ ಮುಗಿದಾಗ ಬಿಸಿಲು ಇನ್ನೂ ಗೋಡೆಗಳ ಮೇಲಿತ್ತು. ಪುಟ್ಟತಾಯಮ್ಮ ಶ್ವೇತಳನ್ನು ಕರೆದು ಅತ್ತೆಯ ಮಣೆಯ ಮೇಲೆ ಕೂರಿಸಿ, ಮಡಿಲಿಗೆ ಒಂದು ಬೊಗಸೆ ರಾಗಿ ಹಾಕಿದಳು. "ಏಳಮ್ಮಿ. ಇನ್ನು ನಿಂದು."

ಶ್ವೇತ ಮೊದಲ ಸಾಲಿಗೇ ತಡವರಿಸಿ, ಮತ್ತೆ ಹಿಡಿದಳು.

ಬಿಂಡಿಗನವಿಲೆ ದಾರಿ ಬಿಸಿಲಾಗೆ ಉದ್ದಾನ
ಕುರಿಮಂದೆ ಮ್ಯಾಲೆ ಮೋಡಿಲ್ಲ, ತಂಗ್ಯಮ್ಮ,
ನೆರಳೀಗೆ ನಿಂತು ನೀ ಬಾರೆ

ಮೂರನೇ ಸಾಲಿನಲ್ಲಿ ಅವಳು ನಿಂತಳು. ಬೇಕಾದ್ದಕ್ಕಿಂತ ಹೆಚ್ಚು ಹೊತ್ತು. ಹೆಂಗಸರೆಲ್ಲ ಒಟ್ಟಿಗೆ ನಕ್ಕುಬಿಟ್ಟರು.

*

ಎರಡನೇ ಕಂತು ಬಂತು. ವರದಿಯ ಪ್ರತಿಯಲ್ಲಿ 'ವಿದ್ಯುತ್ ವ್ಯತ್ಯಯ, ನಾಲ್ಕು ನಿಮಿಷ. ಕಲಾವಿದರ ತಪ್ಪಿಲ್ಲ' ಎಂದಿತ್ತು. ಅದಕ್ಕೊಂದು ಕಾಲಂ ಇತ್ತು.

ಆದರೆ ಅಷ್ಟರಲ್ಲಿ ಬೀದಿಯಲ್ಲಿ ಬೇರೆಯೇ ವರದಿ ಹಬ್ಬಿತ್ತು. ಟೀ ಅಂಗಡಿಯವನು ತನ್ನ ಫ್ಯಾನು ನಿಲ್ಲಲೇ ಇಲ್ಲವೆಂದ. ಅಕ್ಕಪಕ್ಕದ ಮನೆಗಳಲ್ಲೂ ಕರೆಂಟು ಇತ್ತು. ಹೋದದ್ದು ಮೈಕಿಗೆ ಮಾತ್ರ, ಅದೂ ಸರಿಯಾಗಿ ಕುಳ್ಳಮ್ಮನ ಸರದಿಗೆ. ಮರಿಸ್ವಾಮಿಯಂತೂ ಕೆ.ಆರ್. ಪೇಟೆಯಲ್ಲಿ ಕಂಡಕಂಡವರಿಗೆ ಹೇಳುತ್ತಿದ್ದನಂತೆ, "ಪ್ಲಗ್ಗು ಸಿಕ್ಕಿಸ್ದಂಗೇ ಅದೆ ಕಣ್ಲಾ, ಆಮೇಲೋಗಿ ನೋಡ್ದೆ! ಆವಮ್ಮ ಇನ್ನೂ ಅವ್ಳೆ ಅಲ್ಲಿ."

ಚಿಕ್ಕಸ್ವಾಮಿ ಬಂದು, "ಮುಂದಿನ್ ಸರ್ತಿ ಅರ್ಜಿನಾಗೆ ಇದ್ನೂ ಸೇರಿಸ್ಬುಡಿ ಮೇಷ್ಟ್ರೆ. ಯಾವ್ ಹಬ್ಬದಾಗದೆ ಇಂಥದ್ದು?" ಎಂದ.

"ಇನ್ನೂರು ಅಕ್ಷರ ಮೀರುತ್ತೆ," ಎಂದ ಸುದರ್ಶನ.

ಒಂದು ಸಂಜೆ ಪುಟ್ಟತಾಯಮ್ಮ ಅವನನ್ನು ಜಗಲಿಗೆ ಕರೆದಳು. ಮಗ್ಗುಲಲ್ಲಿ ಕೂರಿಸಿಕೊಂಡು ಕೇಳಿದಳು.

"ಎಲ್ಲಾ ಅಂತಾವ್ರೆ, ಕುಳ್ಳಿನೇ ಕರೆಂಟು ತೆಗೆದ್ಲು ಅಂತ. ಬದುಕಿದ್ದಾಗ ಒಂದಿನ ಜೋರಾಗಿ ಮಾತಾಡ್ದೋಳಲ್ಲ ಅವ್ಳು. ನೀನು ಓದಿದೋನು. ನೀನೇನಂತೀಯೆ ಮಗಾ?"

ಎರಡು ಮನೆ ಆಚೆ, ಕುಳ್ಳಮ್ಮನ ಮನೆಯಲ್ಲಿ ಶ್ವೇತ ಮೂರನೇ ಮೆಟ್ಟಿಲ ಮೇಲೆ ತಟ್ಟೆ ಇಟ್ಟ ಸದ್ದು ಕೇಳಿಸಿತು.

"ಇರಬಹುದು ಅಜ್ಜಿ," ಎಂದ ಅವನು.

ಪ್ಲಗ್ಗು ಕಿತ್ತವನು ತಾನು ಎಂದಾಗಲಿ, ಅದಕ್ಕೂ ಮೊದಲು ವಿಡಿಯೊದಿಂದ ಕುಳ್ಳಮ್ಮನ ಪಾಲನ್ನು ಕತ್ತರಿಸಿ ತೆಗೆಸಿದವನು ತಾನು ಎಂದಾಗಲಿ, ಸುದರ್ಶನ ಅವಳಿಗೆ ಹೇಳಲೇ ಇಲ್ಲ.